ಏಳನೇ ಕಾಲಂ

ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ.
ಹಿಂದೂರಾವ್ ಸಾಳುಂಕೆಯ ಚಿನ್ನ ಕರಗಿಸುವ ಅಂಗಡಿ:
ಒಂದು ಕುಲುಮೆ, ಒಂದು ತಕ್ಕಡಿ, ಗೋಡೆಗೆ ವಿಠೋಬಾ,
ಪಕ್ಕದಲ್ಲಿ ಗೊಬ್ಬರದ ಕಂಪನಿಯ ಕ್ಯಾಲೆಂಡರು.

ನಾನು ಸಹಕಾರ ಸಂಘದ ಗುಮಾಸ್ತ.
ಅಡವಿಡುವವರ ಒಡವೆ ಪರೀಕ್ಷೆಗೆ ಇಲ್ಲಿಗೇ ತರುತ್ತೇನೆ.
ನಮ್ಮ ಫಾರಂನಲ್ಲಿ ತೂಕ ಕನ್ನಡದಲ್ಲಿದೆ,
ಬಡ್ಡಿ ಕನ್ನಡದಲ್ಲಿದೆ, ಹೆಬ್ಬೆಟ್ಟಿಗೆ ಬಿಟ್ಟ ಜಾಗ ಕೂಡ.
ಏಳನೇ ಕಾಲಂ ಮಾತ್ರ
ಟಚ್.

ಈ ಶನಿವಾರ ಅವನ ಮಗಳು ಋತುಜಾ
ರಟ್ಟು ಹರಿದ ಇಂಗ್ಲಿಷ್-ಮರಾಠಿ ನಿಘಂಟು ಹಿಡಿದು ಕೂತಿದ್ದಳು.
ವಿಟಾದಲ್ಲಿರುವ ಆಜಿ ಕೇಳಿದ್ದಾಳಂತೆ:
ಫೋನಿನಲ್ಲಿ ನಿನ್ನಪ್ಪ ಸದಾ ಟಚ್ ಟಚ್ ಅನ್ನುತ್ತಾನಲ್ಲ,
ಹಾಗೆಂದರೇನೇ ಹುಡುಗಿ?

ನಿಘಂಟು ಮೊದಲು ಹೇಳಿತು: ಸ್ಪರ್ಶ.
ಅದು ನಮ್ಮಲ್ಲೂ ಉಂಟು, ಅಂದೆ,
ಪೆಟ್ಟಿಗೆಯಲ್ಲಿ, ಮದುವೆ ಸೀರೆಯ ಹಾಗೆ.
ಆಮೇಲೆ: ಹಾತ್ ಲಾವಣೆ. ಕೈ ಹಚ್ಚುವುದು.
ಆಮೇಲೆ: ಶಿವಣೆ.

ಒಳಗೆ ಹೊಲಿಗೆ ಮಿಷನ್ನು ನಿಂತಿತು. ಅವಳ ಅಮ್ಮ
ಅರ್ಧ ಹೊಲಿದ ರವಿಕೆಯ ತೋಳು ಎತ್ತಿ ತೋರಿಸಿ,
ಶಿವಣೆ ಅಂದರೆ ಇದೂ ಹೌದು, ಎಂದಳು.
ಮುಟ್ಟುವುದಕ್ಕೂ ಹೊಲಿಯುವುದಕ್ಕೂ ಒಂದೇ ಮಾತು.
ತಿಂಗಳಿಗೆ ನಾಲ್ಕು ದಿನ ಅತ್ತೆ ‘ಶಿವೂ ನಕೋ’ ಅನ್ನುತ್ತಿದ್ದರು;
ಹರಿದದ್ದೆಲ್ಲ ಹರಿದಂತೇ ಇರಲಿ ಎಂದು
ಮಲಗಿಬಿಡುತ್ತಿದ್ದೆ, ಹಾಯಾಗಿ.

ನಮ್ಮಲ್ಲೂ ಮುಟ್ಟು ಅಂದರೆ... ಎಂದು ಶುರುಮಾಡಿ,
ಹುಡುಗಿಯ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು
ಮುಟ್ಟುಗೋಲು, ಅಂದೆ.
ಸಾಲ ತೀರದಿದ್ದರೆ ಒಡವೆಗೆ ನಾವು ಹಾಕುವುದು.
ಹಾಕಿದ ಮೇಲೆ ಒಡತಿ ಅದನ್ನು ಮುಟ್ಟುವಂತಿಲ್ಲ.

ಕುಲುಮೆಯಿಂದ ಮುಖ ತಿರುಗಿಸದೆ ಹಿಂದೂರಾವ್:
ಅದ್ಯಾವುದೂ ಅಲ್ಲ. ಬರಿ, ಕಸ.
ಹುಡುಗಿ ಪೊರಕೆ ನೋಡಿದಳು.

ಕಸ ಅಂದರೆ, ಮಗಾ, ಒಳಗಿನ ಗಟ್ಟಿತನ.
ಹೊಲಕ್ಕೆ ಕಸ ಇರುತ್ತದೆ, ಕುಸ್ತಿಯವನಿಗೆ ಇರುತ್ತದೆ,
ಬಂಗಾರಕ್ಕೂ.
ನನಗೆ ತಟ್ಟನೆ ನಮ್ಮ ಕಸುವು ನೆನಪಾಯಿತು.
ಬಾಲ ಉದುರಿಸಿಕೊಂಡು ಅತ್ತ ಹೋಯಿತೋ,
ಬಾಲ ಬೆಳೆಸಿಕೊಂಡು ಇತ್ತ ಬಂತೋ.
ಋತುಜಾ ಒಪ್ಪಲಿಲ್ಲ. ಅವಳದು ಕನ್ನಡ ಶಾಲೆ,
ಶನಿವಾರದ ಕಸ ಅವಳ ಪಾಳಿ.

ಆದರೂ ಈ ಮನೆ ನಡೆಯುವುದು ಎರಡು ಕಸದಿಂದಲೂ.
ಓಣಿಯ ಅಕ್ಕಸಾಲಿಗಳು ವರ್ಷವಿಡೀ ಗುಡಿಸಿಟ್ಟದ್ದನ್ನು
ಮೂಟೆಗೆ ಇಷ್ಟು ಅಂತ ಇವನೇ ಕೊಳ್ಳುತ್ತಾನೆ.
ಕೂತ ಚಾಪೆಯನ್ನೂ ಬಿಡದೆ ಸುಟ್ಟು, ಬೂದಿ ತೊಳೆದು,
ಸಾಸಿವೆಯಷ್ಟು, ಜೀರಿಗೆಯಷ್ಟು ಆರಿಸುತ್ತಾನೆ.
ಇವಳು ಹುಟ್ಟಿದಾಗ ಆಸ್ಪತ್ರೆಯ ಬಿಲ್ಲು
ಕಟ್ಟಿದ್ದು ಅದರಿಂದಲೇ ಅಂತೆ.

ಜಗಲಿಯಲ್ಲಿ ಕಾದಿದ್ದಳು ಎರವರ ಬೊಳ್ಳಿ,
ಕಾಫಿ ಕೊಯ್ದು ಕಪ್ಪಾದ ಬೆರಳು,
ಮೂಗಿನಲ್ಲಿ ಬೇವಿನ ಕಡ್ಡಿ; ಮೂಗುತಿ ನಮ್ಮ ಕೈಯಲ್ಲಿ.
ಹಿಂದೂರಾವ್ ಕರಿಕಲ್ಲಿಗೆ ತಿಕ್ಕಿದ.
ಹಳದಿ ಗೀರು. ಮೇಲೊಂದು ಹನಿ ಆಸಿಡ್.
ಗೀರು ಪೂರಾ ಹೋಗಲಿಲ್ಲ, ಪೂರಾ ಉಳಿಯಲೂ ಇಲ್ಲ.

ಐವತ್ತೆಂಟು.
ಎಂತ ಐವತ್ತೆಂಟು? ಬೊಳ್ಳಿ ಕೇಳಿದಳು.

ಬಾಯಿ ತೆರೆದೆ. ಸ್ಪರ್ಶ, ಕಸ, ಮುಟ್ಟು, ಎಲ್ಲ
ನಾಲಿಗೆಯ ತುದಿಗೆ ಬಂದು ಗುಂಪುಗೂಡಿದವು.
ಹತ್ತೊಂಬತ್ತು ವರ್ಷ ಟಚ್ ಬರೆದವನಿಗೆ
ಆಗ ಹೊಳೆಯಿತು, ನಾಚಿಕೆಯಾಗುವಷ್ಟು ತಡವಾಗಿ: ಒರೆ.
ಕಲ್ಲಿನ ಹೆಸರಲ್ಲೇ ಕೂತಿತ್ತು.

ನೂರರಲ್ಲಿ ಐವತ್ತೆಂಟು ಚಿನ್ನ, ಅಂದೆ. ಉಳಿದದ್ದು ತಾಮ್ರ.
ಹಾಗಾದರೆ ಪಾಸು! ಎಂದಳು ಋತುಜಾ.

ಬೊಳ್ಳಿ ನಗಲಿಲ್ಲ. ಬಗ್ಗಿ ಕಲ್ಲನ್ನೇ ನೋಡಿದಳು.
ಇದರಲ್ಲಿ ಅಂಟಿದ್ದುಂಟಲ್ಲ ಚೂರು,
ಅದು ಯಾರದ್ದು?

ಹಿಂದೂರಾವನ ಕೈಯಲ್ಲಿ ಕಲ್ಲು ಒರೆಸುವ ಬಟ್ಟೆ.
ವರ್ಷದ ಕೊನೆಗೆ ಅದನ್ನೂ ಸುಡುತ್ತಾನೆ.
ಅವನು ನನ್ನ ಮುಖ ನೋಡಿದ,
ನಾನು ಫಾರಂ ನೋಡಿದೆ.
ಹುಡುಗಿ ಆಜಿಯ ಕಾಗದಕ್ಕೆ
ಇನ್ನೂ ಏನೂ ಬರೆದಿರಲಿಲ್ಲ.