ಜೂನ್ ಒಂದು

ಮಂಟೇಲಿಂಗನ ಹುಟ್ಟಿದ ದಿನ ನಾನು ಹಾಕಿದ್ದು.

ಮೈಸೂರು ಸ್ಟೇಷನ್ನಿನ ಆರನೇ ಪ್ಲಾಟ್‌ಫಾರ್ಮಿನ ತುದಿಗೆ
ನಲ್ಲಿ ಕೆಳಗೆ ಕಾಲು ತೊಳೆಯುತ್ತ ಕೂತಿದ್ದ.
ಒಂದು ಕಾಲಿಗೆ ಹವಾಯಿ,
ಇನ್ನೊಂದಕ್ಕೆ ಯಾರೋ ಹೆಂಗಸಿನದು, ಪ್ಲಾಸ್ಟಿಕ್ ಹೂವಿನದು.
ಬನ್ನು ಕೊಟ್ಟೆ, ಫಾರಂ ತೆಗೆದೆ.
ಹೆಸರು ಮೂರು ಹೇಳಿದ,
ಕೂಗಿದರೆ ಮೂರಕ್ಕೂ ತಿರುಗಲಿಲ್ಲ.
ಊರು ಕೇಳಿದರೆ ಹಳಿ ತೋರಿಸಿದ.
ಯಾಕೆ ಬಿಟ್ಟು ಬಂದೆ ಎಂಬ ಖಾನೆ ಬಂದಾಗ
ಉಳಿದ ಬನ್ನನ್ನೆಲ್ಲ ಬಾಯಿಗೆ ತುರುಕಿಕೊಂಡ.
ಆ ಖಾನೆ ಇವತ್ತಿಗೂ ಖಾಲಿ.

ಕೆ.ಆರ್. ಆಸ್ಪತ್ರೆಯಲ್ಲಿ ಮಣಿಕಟ್ಟಿನ ಎಕ್ಸ್‌ರೇ.
ಮೂಳೆಯನ್ನು ಬೆಳಕಿಗೆ ಹಿಡಿದು ಡಾಕ್ಟರು
ಹನ್ನೊಂದಿರಬಹುದು, ಹನ್ನೆರಡೂ ಇರಬಹುದು ಅಂದರು.
'ಇರಬಹುದು' ಬರೆಯಲು ಫಾರಮಿನಲ್ಲಿ ಜಾಗವಿಲ್ಲ.
ಕತ್ತಲಾಗುತ್ತಿತ್ತು, ಕೊನೇ ಬಸ್ಸು ಹಿಡಿಯಬೇಕಿತ್ತು.
ನಮ್ಮಪ್ಪನಿಗೆ ಶಾಲೆಯ ಮೇಷ್ಟ್ರು ಬರೆದದ್ದೇ
ನನ್ನ ಕೈಗೂ ಬಂತು: ಜೂನ್ ಒಂದು.
ವರ್ಷ, ಹನ್ನೆರಡರ ಲೆಕ್ಕ.

ನಾಲ್ಕನೇ ದಿನ ನಿಜವಾದ ಹೆಸರು ಹೇಳಿದ.
ಎರಡು ಸಲ ಓಡಿಹೋದ. ಎರಡು ಸಲವೂ ತಾನೇ ಬಂದ,
ಒಮ್ಮೆ ಕಾಂಪೌಂಡ್ ಹಾರಿ,
ಒಳಗೆ ಬರಲು,
ಗೇಟಿಗೆ ಬೀಗ ಹಾಕಿದ್ದೆವು.

ನಾಳೆ ಜೂನ್ ಒಂದು.
ಹದಿನೆಂಟು ತುಂಬಿದವರು ಇಲ್ಲಿ ಮಲಗುವಂತಿಲ್ಲ.
ಕಮಿಟಿಗೆ ಬರೆದ ಎರಡು ಕಾಗದಕ್ಕೂ ಉತ್ತರವಿಲ್ಲ.
ಮೇಟಗಳ್ಳಿಯಲ್ಲಿ ಗ್ಯಾರೇಜಿನ ಹುಡುಗರ ಜೊತೆ ಒಂದು ರೂಮು,
ಅಡ್ವಾನ್ಸಿಗೆ ಎರಡು ಸಾವಿರ ಕಡಿಮೆ.
ಸಣ್ಣವರು ಕೇಕು ಕೇಳುತ್ತಿದ್ದಾರೆ.
ಅವರಿಗೆ ನಾಳೆ ಬರೀ ಹುಟ್ಟುಹಬ್ಬ.

ಹನ್ನೊಂದು ಅಂತ ಬರೆದಿದ್ದರೆ ಆಗುತ್ತಿತ್ತು.
ಇನ್ನೊಂದು ವರ್ಷ ಅವನ ತಟ್ಟೆ
ಇದೇ ಸ್ಟ್ಯಾಂಡಿನಲ್ಲಿ ಇರುತ್ತಿತ್ತು.

ರಾತ್ರಿ ಪಾತ್ರೆ ತೊಳೆಯುತ್ತಿದ್ದವನಿಗೆ ಇದನ್ನೇ ಹೇಳಿದೆ.
'ಬುಡಿ ಮಿಸ್,' ಅಂದ. 'ನಾನ್ ಹುಟ್ಟಿದ್ದು ಚಳೀಲಿ.
ಅವರೆಕಾಯಿ ಸುಲೀತಾ ಕುಂತಿದ್ದಾಗ
ನೋವು ಬಂತು ಅಂತ ಅವ್ವ ಯೋಳ್ತಿದ್ಲು.'

ಆರು ವರ್ಷದಲ್ಲಿ ಇದೇ ಮೊದಲು, ಅವ್ವ ಅಂದದ್ದು.
ಯಾವ ವರ್ಷದ ಅವರೆ, ಕೇಳಬೇಕು ಅನ್ನುವಷ್ಟರಲ್ಲಿ
ನಲ್ಲಿ ಜೋರಾಗಿ ತಿರುಗಿಸಿದ.

ಹನ್ನೊಂದೂವರೆಗೆ ಸ್ಟೇಷನ್ನಿನಿಂದ ಫೋನು:
ನಾಲ್ಕನೇ ಪ್ಲಾಟ್‌ಫಾರ್ಮು, ಒಬ್ಬಳೇ ಹುಡುಗಿ, ಬ್ಯಾಗಿಲ್ಲ.
ಫಾರಮಿನ ಕಟ್ಟು ಹುಡುಕುತ್ತಿದ್ದೆ.
ಬಾಗಿಲಲ್ಲಿ ಅವನು,
ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಬನ್ನು,
'ಮೊದಲು ಇದು ಕೊಡಿ,' ಅಂದ.