ಎಂಟು ಸಾವಿರದ ಮುನ್ನೂರ ಹನ್ನೆರಡನೇ ಸಲ

ನಾಲ್ಕು ಎಳೆ ಹಾಕುತ್ತವೆ, ನಾಲ್ಕು ಎಳೆ ತೆಗೆಯುತ್ತವೆ,
ನಡುವೆ ಒಂದು ಸರದಿ.
ಒಂದರಿಂದ ಲಕ್ಷದವರೆಗೆ ಅಂಕಿ ಸುರಿದು
ಆಚೆ ತುದಿಯಲ್ಲಿ ಕೂಡಿ ನೋಡುವುದು ನನ್ನ ಕೆಲಸ.
ಒಂದೂ ಕಳೆಯಬಾರದು, ಒಂದೂ ಎರಡು ಸಲ ಬರಬಾರದು,
ಯಾರೂ ನಿಂತಲ್ಲೇ ನಿಂತುಬಿಡಬಾರದು.

ಭಾಷೆಯ ಜೊತೆಗೇ ಬರುವ ಲೈಬ್ರರಿ ಇದು,
ಮನೆ ಕಟ್ಟಿದವನೇ ಹಾಕಿಕೊಟ್ಟ ಚಿಲಕದ ಹಾಗೆ;
ತಿರುಗಿಸಿ ನೋಡುವವರಿಲ್ಲ.
ಬಸ್ಸಿನ ಟಿಕೆಟ್ಟು, ಆಸ್ಪತ್ರೆಯ ಟೋಕನ್ನು
ಎಲ್ಲೋ ಒಳಗೆ ಇದರ ಮೇಲೆ ಭಾರ ಬಿಟ್ಟು ಕೂತಿರುತ್ತವೆ.

ಮಂಡ್ಯ. ಟೈರ್ ಅಂಗಡಿಯ ಮೇಲಿನ ರೂಮು.
ಕಬ್ಬು ಅರೆಯುವ ಕಾಲ. ಕಿಟಕಿ ತೆಗೆದರೆ
ಕಾಕಂಬಿಯ ಹುಳಿವಾಸನೆ, ಮುಚ್ಚಿದರೆ ಸೆಕೆ.
ಎಂಟು ಸಾವಿರದ ಮುನ್ನೂರ ಹನ್ನೊಂದು ಸಲ ಸರಿ.
ಮುಂದಿನ ಸಲ
ಕರ್ಸರ್ ಮಿಟುಕುತ್ತದೆ, ಅಷ್ಟೇ.
ತಪ್ಪು ಅನ್ನುವುದಿಲ್ಲ, ಸರಿ ಅನ್ನುವುದಿಲ್ಲ.

ಎಲ್ಲಿ ನಿಂತಿತೆಂದು ನೋಡಲು
ನಡುವೆ ಒಂದು ಪ್ರಿಂಟ್ ತೂರಿಸಿದೆ.
ರಾತ್ರಿಯಿಡೀ ಓಡಿತು, ಒಮ್ಮೆಯೂ ತಡವರಿಸದೆ,
ನೆಂಟರ ಮುಂದೆ ಮಗ್ಗಿ ಒಪ್ಪಿಸುವ ಮಗುವಿನ ಹಾಗೆ.
ತೆಗೆದೆ. ನಿಂತಿತು.

ಹಳೆಯ ಪರೀಕ್ಷೆಯಲ್ಲಿ ಯಾರೋ ಬರೆದಿದ್ದರು:
ಅರ್ಧ ಸೆಕೆಂಡ್ ನಿದ್ದೆ, ಆಮೇಲೆ ನೋಡು.
ಅಷ್ಟರಲ್ಲಿ ಎಲ್ಲರೂ ಬಂದಿರುತ್ತಾರೆ ಅನ್ನುವ ನಂಬಿಕೆ.
ಮದುವೆಯಲ್ಲಿ ಎಲೆ ಹಾಕುವವರೂ ಇಷ್ಟು ನಂಬುವುದಿಲ್ಲ.

ನಮ್ಮಲ್ಲಿ ಕಾಯುವುದು ಅಂದರೆ ದಾರಿ ನೋಡುವುದು,
ಕಾವಲಿರುವುದೂ ಹೌದು,
ಒಲೆಯ ಮೇಲೆ ನೀರು ಮಾಡುವುದೂ ಅದನ್ನೇ.
ಎಳೆ ಕಾಯುತ್ತಿದೆ, ಬೀಗ ಕಾಯುತ್ತಿದೆ,
ತೊಡೆಯ ಮೇಲೆ ಲ್ಯಾಪ್‌ಟಾಪ್ ಕಾಯುತ್ತಿದೆ.
ಒಂದೇ ಒಂದು ಅಂಕಿ ಆಚೆ ದಾಟಲಿಲ್ಲ.

ಮೂರೂವರೆಗೆ ಚಾ ಕುಡಿಯಲು ಇಳಿದೆ.
ತೂಕದ ಕಟ್ಟೆಯ ಮೇಲೆ ಜಾಗ ಒಂದೇ ಗಾಡಿಗೆ.
ಈ ಕಡೆ ಕಬ್ಬು ತುಂಬಿದ ಟ್ರಾಕ್ಟರುಗಳು,
ಆ ಕಡೆ ಸುರಿದು ಬಂದ ಖಾಲಿ ಟ್ರೇಲರುಗಳು.
ಸ್ಟೇರಿಂಗಿಗೆ ಹಣೆ ಹಚ್ಚಿ ಎಲ್ಲರಿಗೂ ನಿದ್ದೆ.
ಕಟ್ಟೆ ತೆರವಾದಾಗ ಒಬ್ಬನನ್ನು ಎಬ್ಬಿಸುವುದು
ಚಿಕ್ಕಮರಿಯ ಕೆಲಸ. ಹದಿನೆಂಟರ ಹುಡುಗ, ಕೈಯಲ್ಲಿ ಸ್ಪ್ಯಾನರು.

ಆಗ ಬರಬೇಕಾದ್ದು ತುಂಬಿದ ಗಾಡಿ.
ಅವನು ಬಡಿದದ್ದು ಕೆರಗೋಡಿನ ದ್ಯಾವಯ್ಯನ ಬಾನೆಟ್ಟು.
ದ್ಯಾವಯ್ಯ ತಲೆ ಎತ್ತಿದ, ಹಿಂದಿನ ಖಾಲಿ ಟ್ರೇಲರು ನೋಡಿದ,
"ನಂದಲ್ಲ ಕಣ್ಲಾ" ಅಂದ, ಮತ್ತೆ ಮಲಗಿದ.
ಹುಡುಗ ಆಗಲೇ ರಾಚವ್ವನ ಚಾ ಗಾಡಿಯ ಹತ್ತಿರ ಬಂದಾಗಿತ್ತು.

ಇಪ್ಪತ್ತು ನಿಮಿಷ. ಕಟ್ಟೆ ಖಾಲಿ, ದೀಪ ಹಸಿರು,
ನೂರಾರು ಟನ್ ಕಬ್ಬು ನಿದ್ದೆಯಲ್ಲಿ.
ಕಿಟಕಿಯಿಂದ ಗುಮಾಸ್ತನ ಕೂಗು:
"ಯಾಕ್ಲಾ ಯಾರೂ ಬರ್ತಿಲ್ಲ?"
"ಎಬ್ಬುಸ್ದೆ ಸಾ!"
"ಯಾರನ್ಲಾ?"
ಸ್ಪ್ಯಾನರಿನಿಂದ ತಲೆ ಕೆರೆದುಕೊಂಡ.

"ಎಲ್ಲಾರ್ನೂ ಎಬ್ಬುಸ್ಬುಡ್ಬೇಕು ಅತ್ಲಾಗೆ," ರಾಚವ್ವ ಅಂದಳು.
ಅದೂ ಆಗುತ್ತದೆ ರಾಚವ್ವ,
ಒಬ್ಬನ ಜಾಗಕ್ಕೆ ಅರವತ್ತು ಜನ ಕಣ್ಣುಜ್ಜಿ ಏಳಬೇಕು, ಅಷ್ಟೇ.
ಚಾ ಅರ್ಧ ಬಿಟ್ಟೆ. ದುಡ್ಡು ಕೊಟ್ಟೆನೋ ಇಲ್ಲವೋ ನೆನಪಿಲ್ಲ.

ಸರದಿಯಲ್ಲಿ ಒಂದೇ ಒಂದು ಜಾಗ ಉಳಿಸಿದೆ.
ಎಂಟೂ ಎಳೆಯನ್ನು ಗೆರೆಯ ಮೇಲೆ ನಿಲ್ಲಿಸಿ
ಕೊನೆಯದು ಬರುವತನಕ ಯಾರನ್ನೂ ಬಿಡಲಿಲ್ಲ.
ಐದು ಸೆಕೆಂಡಿನ ಗಡುವು.
ಮೊದಲ ಸಲವೇ ಸೋತಿತು. ಎರಡನೇ ಸಲ. ಮೂರನೇ ಸಲ.
ಸೋಲು ಇಷ್ಟು ನಿಯತ್ತಾಗಿ ಬಂದಾಗ
ಒಬ್ಬಳೇ ರೂಮಿನಲ್ಲಿ ನಕ್ಕೆ.

ಹಾಕುವವರಿಗೂ ತೆಗೆಯುವವರಿಗೂ
ಅದುವರೆಗೆ ಇದ್ದದ್ದು ಒಂದೇ ಗಂಟೆ.
ಎರಡು ಮಾಡಿದೆ. ಹನ್ನೊಂದು ಸಾಲಿನ ತಿದ್ದುಪಡಿ.

ಹತ್ತು ಲಕ್ಷ ಸಲ ಓಡಿಸಿದ ಮೇಲೆ
"ಮತ್ತೆ ಸಿಗಲಿಲ್ಲ" ಎಂದು ಬರೆದೆ.
"ಇಲ್ಲ" ಎಂದು ಬರೆಯಲು ಕೈ ಬರಲಿಲ್ಲ.
ಕೆಳಗೆ ಚಿಕ್ಕಮರಿ ಯಾವುದೋ ಬಾನೆಟ್ ಬಡಿದ.
ಯಾರದೋ ಎಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು.
ಅವನದೇ ಸರದಿಯೋ ಏನೋ.