ಇರುಳು ಲಾರಿ ಎಲ್ಲಿ ಮಲಗುತ್ತದೆ

ಫೋನನ್ನು ಸೌತೆಯ ಉಪ್ಪಿನಕಾಯಿ ಜಾಡಿಗೆ ಒರಗಿಸಿಟ್ಟಿದ್ದೇವೆ.
ಆ ತುದಿಗೆ ವಿಮೆ ಕಂಪನಿಯ ಡಾರ್ಲೀನ್,
ಈ ತುದಿಗೆ ಅಪ್ಪ,
ನಡುವೆ ನಾನು, ಹದಿನಾರು ವರ್ಷದ ದುಭಾಷಿ.
ಹೊರಗೆ ಸ್ಪೊಕೇನಿನ ಮೊದಲ ಹಿಮ.

ಎಷ್ಟು ವರ್ಷದಿಂದ ಓಡಿಸುತ್ತಾರೆ?
ಹನ್ನೊಂದು. ಅಷ್ಟೂ ಅನಾತೊಲ್ ಮಾವನ ನಂಬರಿನಡಿ,
ಅನಾತೊಲ್ ಮಾವನ ಹೆಸರು ಬರೆದ ಬಾಗಿಲ ಹಿಂದೆ.
ಕಿಶಿನೌನಲ್ಲಿ ಟ್ರಾಲಿಬಸ್ಸು ಓಡಿಸಿದ್ದು ಇಲ್ಲಿ ಲೆಕ್ಕಕ್ಕಿಲ್ಲ.
"ಹಾಗಾದರೆ ಸ್ವಂತ ಉದ್ಯಮದ ಅನುಭವ, ಜೀರೊ."
ಅದನ್ನು ನಾನು ಅನುವಾದಿಸಲಿಲ್ಲ.
ಬೇಕಿರಲಿಲ್ಲ. ಎರಡೂ ಭಾಷೆಯಲ್ಲಿ ಅದಕ್ಕೆ ಒಂದೇ ಪದ.

ಏನು ಸಾಗಿಸುತ್ತೀರಿ?
ಕಾರು. ಹರಾಜಿನಂಗಳದಿಂದ ಮಾರುವವರ ಅಂಗಳಕ್ಕೆ,
ಕೆಲವೊಮ್ಮೆ ಚಳಿಗೆ ಹೆದರಿ ಫೀನಿಕ್ಸಿಗೆ ಹಾರುವ
ಮುದುಕಿಯರ ಬ್ಯೂಕ್.
ಒಂದು ಸಲಕ್ಕೆ? ಒಂಬತ್ತು, ಸಣ್ಣವಾದರೆ.
ಅದರಲ್ಲಿ ಎಲ್ಲಕ್ಕಿಂತ ದುಬಾರಿಯದು?
ಅಪ್ಪ ಸೂರು ನೋಡಿದ, ಬೆಲೆ ಅಲ್ಲಿ ಬರೆದಿರುವ ಹಾಗೆ.

ರಾತ್ರಿ ಲಾರಿ ಎಲ್ಲಿ ಮಲಗುತ್ತದೆ?
ನಿಲ್ಲುತ್ತದೆ ಎಂದೇ ಅವಳು ಕೇಳಿದ್ದು.
ನನ್ನ ಬಾಯಿಗೆ ಬರುವಷ್ಟರಲ್ಲಿ ಅದು ಮಲಗಿತ್ತು.
ಚರ್ಚಿನ ಹಿಂದೆ, ಜಲ್ಲಿ ಹಾಸಿದ ಅಂಗಳದಲ್ಲಿ.
ಬೇಲಿ? ಇದೆ. ಬೀಗ ಪಾಸ್ಟರ ಹತ್ತಿರ.

ಲಯಬಿಲಿಟಿಗೆ ಮನೆಯ ಮಾತು ಹುಡುಕಿದೆ,
ಸಿಕ್ಕಿದ್ದು 'ತಪ್ಪು'.
"ತಪ್ಪು ಹತ್ತು ಲಕ್ಷ ಡಾಲರಿನದು, ಅಪ್ಪ."
ತಲೆಯಾಡಿಸಿದ, ಅಷ್ಟೇ ಇರಬೇಕು ಎಂಬಂತೆ.
ಮೇಲೆ ಕೂತ ಕಾರುಗಳಿಗೆ ಬೇರೆ, ಎರಡೂವರೆ ಲಕ್ಷ.
ಆಲಿಕಲ್ಲು ಬಿದ್ದರೆ ಮೊದಲ ಐದು ಸಾವಿರ ಕೈಯಿಂದ.
ಪಟ್ಟಿ ನೀವೇ ಸಡಿಲ ಬಿಗಿದಿದ್ದರೆ
ಏನೂ ಇಲ್ಲ.
ತಿಂಗಳ ಕಂತು ಕೇಳಿ ಅಮ್ಮ ಒಲೆ ಆರಿಸಿದಳು.

ಸರ್ಕಾರದ ನಂಬರು ಬಂದಿದೆ, ಅಪ್ಪಣೆ ಬಂದಿಲ್ಲ.
ವಿಮೆಯ ಕಾಗದ ಹೋಗಿ ಮುಟ್ಟುವ ತನಕ
ನಂಬರಿಗೆ ಜೀವವಿಲ್ಲ.
ಅಲ್ಲಿವರೆಗೆ ಯಾರು ಬೇಕಾದರೂ ತಕರಾರು ತೆಗೆಯಬಹುದಂತೆ.
ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು;
ನಿಂತ ಲಾರಿ ನಮಗಿಂತ ಹೆಚ್ಚು ಉಣ್ಣುತ್ತದೆ.

ಅಪ್ಪ ನನಗೆ ಕಲಿಸಿದ ಒಂದೇ ವಿದ್ಯೆ:
ಕಾರು ಹತ್ತಿಸುವ ಮುನ್ನ ಸುತ್ತ ನಡೆ,
ಕಾಗದದ ಕಾರಿನ ಮೇಲೆ ಹಳೆಯ ಗೀರುಗಳನ್ನೆಲ್ಲ ಗುರುತು ಹಾಕು.
ನೀನು ಕಾಣದ ಗೀರು ನಿನ್ನದಾಗುತ್ತದೆ.

"ಬೇರೇನಾದರೂ?" ಎಂದಳು ಡಾರ್ಲೀನ್.
ಅಪ್ಪ ಕೇಳು ಎನ್ನಲಿಲ್ಲ, ನಾನೇ ಕೇಳಿದೆ:
ಓಡಿಸುವವನು ಮೇಲಿನ ಹಲಗೆಯಿಂದ ಜಾರಿದರೆ?
ಹೋದ ಫೆಬ್ರವರಿ, ಬ್ಯೂಟ್‌ನಲ್ಲಿ, ಮಂಜುಗಡ್ಡೆಯ ಮೇಲೆ,
ಮಾವನ ನಂಬರಿನಡಿ ಜಾರಿದ ಹಾಗೆ.
ಕೀಲಿಮಣೆಯ ಸದ್ದು ನಿಂತಿತು.
"ಅದು ಬೇರೆ ಫಾರಂ, ಮಗೂ."

"ಏನಂತೆ?"
"ಏನಿಲ್ಲ."
ಹಾಳೆಯ ಬೆನ್ನಿಗೆ ಒಬ್ಬ ಮನುಷ್ಯನನ್ನು ಬಿಡಿಸಿ
ಎಡ ಮಣಿಕಟ್ಟಿಗೆ ಗುರುತು ಹಾಕಿದೆ.
ಅಮ್ಮ ಹಿಂದಿನಿಂದ ಬಗ್ಗಿ ನೋಡಿದಳು.
"ಮೊಣಕಾಲು ಬಿಟ್ಟೆ," ಅಂದಳು.